ಖಾಲಿ ಗಾಡಾದ ಓಟ

ವಾಚಕರೇ, ಮೋಟಾರು ಪಂದ್ಯವೆಂದೊಡನೆ ಪೇಟೆಯವರಾದ ನಿಮ್ಮ ಕಣ್ಣ ಮುಂದೆ ನೆಲಕ್ಕಂಟಿ ಓಡುವ, ಒಬ್ಬನೇ ಕೂಡುವ ವಿಚಿತ್ರ ವಾಹನವೊಂದು ನಿಲ್ಲುತ್ತದೆ. ‘ಟೂರಿಂಗ್ ಕಾರು’ಗಳ ಪಂದ್ಯ ಹಾಗಲ್ಲ. ಅಲ್ಲಿ ಓಡುವುದು ನಿಮ್ಮ ಓಣಿಯಲ್ಲಿ ನಿಲ್ಲುವಂಥ ಸಂಸಾರಸ್ಥರ ಕಾರೇ. ಅದನ್ನು ನಿಯಮದ ಮಿತಿಯೊಳಗೆ ಓಟಕ್ಕೆ ಹದಗೊಳಿಸಿರುತ್ತಾರೆ, ಅಷ್ಟೆ. ಇದನ್ನು ನವಲಗುಂದ, ಕುಂದಗೋಳ, ಅಣ್ಣಿಗೇರಿ ಕಡೆಯ ರೈತನಿಗೆ ಹೊಸ ಸಂಗತಿಯೆಂದು ಹೇಳಹೋದರೆ ಅವನು ನಕ್ಕಾನು. ಹೊಲಕ್ಕೆ ಗೊಬ್ಬರ ಹೇರುವ ಗಾಡಿಯ ಭಾರವಿಳಿಸಿ ಎತ್ತು ಹೂಡಿ ಓಡಿಸುವ ‘ಖಾಲಿ ಗಾಡಾ’ ಪಂದ್ಯವನ್ನು ಅವನು ಬಲ್ಲ. ಗಾಡಾ ಎಂಬುದು ಮರಾಠಿಯಿಂದ ಬಂದ ಮಾತು, ಗಾಡಿಯ ಹಿರಿಯಣ್ಣ. ಬಂಡಿ, ಚಕ್ಕಡಿ ಎಂಬ ಮಾತುಗಳಿದ್ದರೂ ಜಾತ್ರೆಯ ಕರಪತ್ರದಲ್ಲಿ ಗೆದ್ದದ್ದು ಗಾಡಾವೇ!

ಪಂದ್ಯದ ಕ್ರಮ ಸರಳ. ಒಂದು ಜೋಡಿ ಓಡಿದ ಮೇಲೆ ಇನ್ನೊಂದು. ಗಡಿಯಾರ ಹಿಡಿದವನು ಒಂದು ನಿಮಿಷ ಎಣಿಸುತ್ತಾನೆ. ಅಷ್ಟರಲ್ಲಿ ಗಾಡಾ ಎಷ್ಟು ದೂರ ಹೋಯಿತೆಂದು ಅಡಿ ಲೆಕ್ಕದಲ್ಲಿ ಅಳೆಯುತ್ತಾರೆ. ನಿಮಿಷಕ್ಕೆ 1200 ಅಡಿ ಎಂದಿಟ್ಟುಕೊಳ್ಳಿ, ತಾಸಿಗೆ ಸುಮಾರು 22 ಕಿಲೋಮೀಟರಾಯಿತು. ಮೋಟಾರಿಗೆ ಇದೇನು ಮಹಾ ಎನ್ನಬೇಡಿ. ಮೋಟಾರಿಗೆ ಮನಸ್ಸಿಲ್ಲ, ಇಲ್ಲಿ ಎರಡು ಜೀವಗಳ ಹೆಜ್ಜೆ ಒಂದಾಗಬೇಕು. ಒಂದು ಎತ್ತು ಒಂದು ಗೇಣು ಮುಂದಾದರೂ ನೊಗ ಓರೆಯಾಗಿ ಗಾಡಾ ಪಕ್ಕಕ್ಕೆಳೆಯುತ್ತದೆ.

ಸಮಬಲ ಬಂದರೆ ಏನು ಗತಿ? ಇಂಗ್ಲೆಂಡಿನ ಕಾರು ಪಂದ್ಯಮಾಲೆಯ ಮೊಟ್ಟಮೊದಲ ವರ್ಷದಲ್ಲೇ, 1958ರಲ್ಲಿ, ಈ ಪೇಚು ಬಂದಿತು. ಅಲ್ಲಿ ಕಾರುಗಳನ್ನು ಎಂಜಿನ್ನಿನ ಗಾತ್ರದಂತೆ ವರ್ಗ ಮಾಡಿ, ಆಯಾ ವರ್ಗದೊಳಗೆ ಅಂಕ ಕೊಡುತ್ತಿದ್ದರು. ಆಸ್ಟಿನ್ ಕಾರಿನ ಜ್ಯಾಕ್ ಸಿಯರ್ಸ್, ಜಾಗ್ವಾರ್ ಕಾರಿನ ಟಾಮಿ ಸಾಪ್‌ವಿತ್ ಇಬ್ಬರದೂ ಅಂಕ ಸಮವಾಯಿತು. ಆಗ ಒಂದೇ ಮಾದರಿಯ ಎರಡು ರೈಲಿ ಕಾರುಗಳನ್ನು ತಂದು, ಬ್ರ್ಯಾಂಡ್ಸ್ ಹ್ಯಾಚ್ ಬಯಲಲ್ಲಿ ಐದು ಸುತ್ತು ಓಡಿಸಿ, ಕಾರು ಅದಲುಬದಲು ಮಾಡಿ ಮತ್ತೆ ಐದು ಸುತ್ತು ಓಡಿಸಿದರು. ಎರಡೂ ಓಟ ಕೂಡಿಸಿದಾಗ ಸಿಯರ್ಸ್ 1.6 ಸೆಕೆಂಡಿನಿಂದ ಗೆದ್ದನು. ನ್ಯಾಯವೆಂದರೆ ಇದು. ಆದರೆ ಎತ್ತುಗಳನ್ನು ಅದಲುಬದಲು ಮಾಡುವುದು ಆಗದ ಮಾತು. ಒಡೆಯನ ದನಿಗೆ ಓಡುವ ಎತ್ತು ಪರರ ದನಿಗೆ ಕಿವಿಗೊಡದು.

ಎರೆಭೂಮಿಯಲ್ಲಿ ಮಳೆ ಬಿದ್ದರೆ ಗಾಲಿ ಕಚ್ಚಿಕೊಳ್ಳುತ್ತದೆ; ಪಂದ್ಯಕ್ಕೆ ಒಣ ನೆಲ ಬೇಕು. ಆ ನೆಲ ಉಳಲು ಹೆಸರಾದದ್ದು ಭಾರಿ ಮೈಯ ಕೃಷ್ಣಾ ತೀರದ ತಳಿ. ಓಟಕ್ಕೆ ಹಗುರ ಮೈಯ, ಚುರುಕಿನ ಖಿಲಾರಿ. ಉಳುಮೆ ಟ್ರ್ಯಾಕ್ಟರಿನ ಪಾಲಾದ ಮೇಲೆ ಖಿಲಾರಿ ಜೋಡಿಯನ್ನು ಹಿಂಡಿ, ಹುರುಳಿ ಹಾಕಿ ಸಾಕುವುದಕ್ಕೆ ಪಂದ್ಯವೇ ಕಾರಣವಾಗಿ ಉಳಿದಿರುವ ಮನೆಗಳುಂಟು. ನನ್ನ ತರಗತಿಯಲ್ಲಿ ಪಂದ್ಯದ ಮರುದಿನ ಅರ್ಧ ಬೆಂಚು ಬರಿದು. ಕೇಳಿದರೆ ಒಬ್ಬ ಹುಡುಗ, “ರಾತ್ರಿ ಎಲ್ಲಾ ಎತ್ತಿನ ಕಾಲು ತಿಕ್ಕೀನ್ರೀ ಸರ” ಎಂದ. ನಾನೇನು ಬೈಯಲಿ?

ಆದರೆ ಎಲ್ಲರೂ ಕಾಲು ತಿಕ್ಕುವವರಲ್ಲ. ಬಾರುಕೋಲಿನ ತುದಿಗೆ ಮೊಳೆ, ಬಾಲ ತಿರುಚುವುದು, ಕಚ್ಚುವುದು, ಇವು ಸುಳ್ಳಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟಿನೊಡನೆ ಎತ್ತಿನ ಗಾಡಿಯ ಓಟವನ್ನೂ ನಿಷೇಧಿಸಿದ್ದು ಇಂಥ ಹಿಂಸೆಯನ್ನು ಕಂಡೇ. ಬಳಿಕ ಕರ್ನಾಟಕವು ಕಾಯಿದೆಗೆ 2017ರಲ್ಲಿ ತಿದ್ದುಪಡಿ ತಂದು, ಅನಗತ್ಯ ನೋವು ಕೊಡಬಾರದೆಂಬ ಕರಾರಿನ ಮೇಲೆ ಕಂಬಳಕ್ಕೂ ಗಾಡಿಯ ಓಟಕ್ಕೂ ಅವಕಾಶ ಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ‘ಅನಗತ್ಯ’ ಎಂಬ ಒಂದು ಶಬ್ದದ ಮೇಲೆ ಇಡೀ ಪಂದ್ಯ ನಿಂತಿದೆ. ಅದರ ಅರ್ಥವನ್ನು ನಿಘಂಟು ಹೇಳಲಾರದು. ಓಟದ ನಂತರ ಎತ್ತಿನ ಬೆನ್ನು, ಬಾಲ ನೋಡಿ ಪಂಚರು ಹೇಳಬೇಕು. ಗಾಯ ಕಂಡರೆ ಅಡಿ ಎಷ್ಟಾದರೂ ಆ ಜೋಡಿಯನ್ನು ಕೈಬಿಡಬೇಕೆಂಬುದು ನನ್ನ ಮತ.

ನೀವು ಮುಂದಿನ ಜಾತ್ರೆಗೆ ನಮ್ಮ ಕಡೆ ಬಂದರೆ ಮಕ್ಕಳನ್ನು ಕೈಹಿಡಿದು ಹಗ್ಗದ ಹೊರಗೇ ನಿಲ್ಲಿರಿ. ಗಾಡಾಕ್ಕೆ ಬ್ರೇಕಿಲ್ಲ.