ಹಿರಿಯರ ರೈಫಲ್ಲಿಗೆ ಬೆಲೆ ಕಟ್ಟುವ ಮೊದಲು

ಹತಾರ ಒಪ್ಪಿಸಂಗಿಲ್ಲ ಅಂತ 1857ರಲ್ಲಿ ಹಲಗಲಿಯ ಬೇಡರು ಇಂಗ್ಲಿಷರಿಗೆ ಎದುರು ನಿಂತ ಸೀಮೆ ನಮ್ಮದು. ಐಹೊಳೆ ಸುತ್ತಿನ ಹಳ್ಳಿಗಳಾಗ ಇವತ್ತಿಗೂ ಪೀಕಿನ ಕಾವಲಿಗೆ ಲೈಸನ್ಸ್ ಪಡೆದ ಹಳೇ ಬಂದೂಕು ಅಲ್ಲೊಂದು ಇಲ್ಲೊಂದು ಅದಾವ. ಯಜಮಾನ ತೀರಿಕೊಂಡ ಮೇಲೆ ಮಕ್ಕಳಿಗೆ ಅದರ ಪತ್ತೆ ಗೊತ್ತಿರುವುದಿಲ್ಲ.

ನಮ್ಮ ಬೀಗರ ಮನೆಯಾಗ ಹಿಂಗ ಆತು. ಒಬ್ಬ ದಲ್ಲಾಳಿ ಬಂದು, 'ಇದು ಮಿಲಿಟರಿ ಮಾಲು, ಭಾರೀ ರೊಕ್ಕ ಬರ್ತೈತಿ, ಸುಮ್ಮನ ಕೊಡ್ರಿ' ಅಂದ. ನಾನು ಬ್ಯಾಡ ಅಂದು, ಮೊದಲು ತೋಟಾ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು, ಅಕ್ಷರ ಓದಿಸಿದೆ. ಬೋಲ್ಟಿನ ಹಿಡಿಕೆಯ ಕೆಳಗೆ, ಕಟ್ಟಿಗೆ ಕೂಡುವ ಕಬ್ಬಿಣದ ಮೇಲೆ ಕಿರೀಟ, 'ಜಿ.ಆರ್.ಐ.', 'ಇಷಾಪುರ', ಇಸವಿ ಇದ್ದರೆ ಅದು ಬಂಗಾಲದ ಇಷಾಪುರ ಕಾರ್ಖಾನೆಯಲ್ಲಿ ಬ್ರಿಟಿಷರ ಕಾಲಕ್ಕೆ ಆದ ಲೀ-ಎನ್‌ಫೀಲ್ಡ್. ಆದರೆ ಬೆಲೆ ಹೇಳುವುದು ಈ ಮುದ್ರೆಯಲ್ಲ, ನಳಿಗೆಯ ಬೋರು.

ಸೈನ್ಯದ .303 ತೋಟಾ ಮಂದಿ ಕೈಗೆ ಸಿಗಬಾರದು ಅಂತ ಬ್ರಿಟಿಷರು ಆ ಬೋರನ್ನೇ ಸಾರ್ವಜನಿಕರಿಗೆ ನಿಷೇಧಿಸಿದ್ದರು. ಈಗಲೂ ಅದು ನಿಷೇಧಿತವೇ. ಅದೇ ಮಾದರಿಯ ಬೋಲ್ಟಿಗೆ .315 ನಳಿಗೆ ಕೂಡಿಸಿದ್ದೇ ಬೇಟೆಯ ರೈಫಲ್. ಇದಕ್ಕೆ ಲೈಸನ್ಸ್ ಸಿಗತೈತಿ, ತೋಟಾನೂ ಸಿಗತಾವ. ಇನ್ನೊಂದು ಜಾತಿ, ಪೊಲೀಸರ ಕಾವಲಿಗೆ ಅಂತ ಒಳಗಿನ ಗೀರು ತೆಗೆದು .410 ಮಾಡಿ, ಮ್ಯಾಗಜಿನ್‌ಗೆ ಕಟ್ಟಿಗೆ ತುಂಡು ತುಂಬಿ ಒಂದೇ ಗುಂಡಿಗೆ ಇಳಿಸಿದ್ದು. ಇದರ ತೋಟಾ .303 ಹಿತ್ತಾಳೆಯಿಂದಲೇ ಆದದ್ದು, ಅಂಗಡಿಯ .410 ತೋಟಾ ಬೇರೆ. ಹೆಸರು ಒಂದೇ ಅಂತ ತುರುಕಬ್ಯಾಡ್ರಿ.

ಬೀಗರದ್ದು .315 ಇತ್ತು. ಬೋಲ್ಟಿನ ನಂಬರು, ಮೈಮೇಲಿನ ನಂಬರು ಕೂಡುತ್ತಿದ್ದವು. ಕೂಡದಿದ್ದರೆ ಬಿಡಿಭಾಗ ಬದಲಾಗಿವೆ ಅಂತ ತಿಳಿದು ಜಾಣ ಮಿಸ್ತ್ರಿಗೆ ತೋರಿಸದೆ ಹೊಡೆಯಬಾರದು. ನಳಿಗೆ ಒಳಗೆ ತುಕ್ಕು ತಿಂದಿದ್ದರೆ ಪಾಲಿಶ್ ಹೊಡೆದ ಕಟ್ಟಿಗೆ ನೋಡಿ ಮೋಸ ಹೋಗಬಾರದು. ಲೈಸನ್ಸ್ ಇದ್ದವರಷ್ಟೇ ಕೊಳ್ಳಬಹುದಾದ್ದರಿಂದ ಗಿರಾಕಿ ಕಮ್ಮಿ. ದಲ್ಲಾಳಿ ಹೇಳಿದ ರೇಟು ಗಾಳಿಮಾತು.

'ಹಳೇದೈತಿ, ಕಾಗದ ಯಾತಕ' ಅನ್ನುವವರಿದ್ದಾರೆ. ಗುಂಡು ಹಾರಿಸಲು ಬಾರದ ಪುರಾತನ ವಸ್ತುವಿಗಷ್ಟೇ ಆ ವಿನಾಯಿತಿ. ಯಜಮಾನ ತೀರಿದ ಕೂಡಲೇ ವಾರಸುದಾರರು ಠಾಣೆಯಲ್ಲೋ ಲೈಸನ್ಸ್ ಇರುವ ಅಂಗಡಿಯಲ್ಲೋ ಇಟ್ಟು ರಶೀದಿ ಪಡೀಬೇಕು. ಅಲ್ಲಿಂದಲೇ ತಮ್ಮ ಹೆಸರಿಗೆ ಅರ್ಜಿ, ಇಲ್ಲವೇ ಮಾರಾಟ. 2019ರ ತಿದ್ದುಪಡಿ ಪ್ರಕಾರ ನಿಷೇಧಿತ ಬೋರಿನ ಹತಾರ ಸಿಕ್ಕರೆ ಕನಿಷ್ಠ 7 ವರ್ಷ ಜೈಲು.

ಲೈಸನ್ಸ್ ಇದ್ದ ಮಾತ್ರಕ್ಕೆ ಹೊಲಕ್ಕೆ ಬಂದ ಚಿಗರಿ ಹೊಡೆಯುವಂತಿಲ್ಲ. ಅದು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ.