ಒಂದಿಂಚು ಒತ್ತಡದ ಬೆನ್ನುಹತ್ತಿ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್‌ನಲ್ಲಿ ಪ್ರತಿ ಬೇಸಿಗೆ ವಿಮಾನಗಳ ದೊಡ್ಡ ಜಾತ್ರೆ ನೆರೆಯುತ್ತದೆ. ಗ್ಯಾರೇಜಿನಲ್ಲಿ ವರ್ಷಗಟ್ಟಲೆ ರಿವೆಟ್ ಹೊಡೆದು ಕಟ್ಟಿದ ಸ್ವಂತ ವಿಮಾನದಲ್ಲೇ ಬಂದಿಳಿಯುವವರು ಅಲ್ಲಿ ಬಹಳ ಮಂದಿ. ನೋಡಲು ಬಂದವರ ಕಣ್ಣು ರೆಕ್ಕೆಯ ಮೇಲೆ, ಬಣ್ಣದ ಮೇಲೆ. ಕಟ್ಟಿದವರದು ಮೂತಿಯ ಕೆಳಗೆ, ಎಂಜಿನ್ ಉಸಿರೆಳೆಯುವ ಬಾಯಿಯ ಮೇಲೆ.

ಇಂಥ ವಿಮಾನಗಳಲ್ಲಿ ಮತ್ತೆಮತ್ತೆ ಕಾಣುವ 180 ಅಶ್ವಶಕ್ತಿಯ ಲೈಕಮಿಂಗ್ ಒ-360 ಎಂಜಿನ್, ನಿಮಿಷಕ್ಕೆ 2,700 ಸುತ್ತು ತಿರುಗುವಾಗ ಅದೇ ಒಂದು ನಿಮಿಷದಲ್ಲಿ ಸುಮಾರು 7,000 ಲೀಟರ್ ಗಾಳಿ ಕುಡಿಯುತ್ತದೆ. ಮೇಲೇರಿದಂತೆ ಆ ಗಾಳಿಯೇ ತೆಳುವಾಗುತ್ತದೆ. ನೆಲಮಟ್ಟದಲ್ಲಿ 30 ಇಂಚು ಪಾದರಸದ ಹತ್ತಿರವಿರುವ ಒತ್ತಡ 8,000 ಅಡಿಯಲ್ಲಿ 22ಕ್ಕೆ ಇಳಿದಿರುತ್ತದೆ. ಆದರೆ ಗಂಟೆಗೆ 200 ಮೈಲಿ ವೇಗದಲ್ಲಿ ನುಗ್ಗಿಬರುವ ಎದುರುಗಾಳಿಯನ್ನು ಜಾಣತನದಿಂದ ತಡೆದು ನಿಧಾನಿಸಿದರೆ ಅದೇ ಎತ್ತರದಲ್ಲಿ ಒಂದು ಇಂಚಿಗಿಂತ ತುಸು ಹೆಚ್ಚೇ ಮರಳಿ ಸಿಗುತ್ತದೆ. ಇದೇ ‘ರ್‍ಯಾಮ್ ಏರ್’. ಸಾವಿರ ಅಡಿ ಕೆಳಗೆ ಹಾರಿದಾಗ ಸಿಗುವಷ್ಟು ಶಕ್ತಿ, ಬಿಟ್ಟಿಯಾಗಿ! ವೇಗ ಅರ್ಧಕ್ಕಿಳಿದರೆ ಲಾಭ ಮಾತ್ರ ಕಾಲುಭಾಗಕ್ಕೆ ಕುಸಿಯುತ್ತದೆ. ನಿಧಾನದ ವಿಮಾನಕ್ಕೆ ಈ ಸಾಹಸ ದಂಡವೇ ಸರಿ.

ತೊಡಕು ಧೂಳಿನದು. ಹುಲ್ಲು, ಮಣ್ಣಿನ ರನ್‌ವೇಗಳಲ್ಲಿ ಪ್ರೊಪೆಲ್ಲರ್ ಎಬ್ಬಿಸುವ ಮರಳಿನ ಕಣ ಒಳಹೋದರೆ ಪಿಸ್ಟನ್ ರಿಂಗು, ಸಿಲಿಂಡರ್ ಗೋಡೆ ಸವೆಯುತ್ತವೆ. ಫಿಲ್ಟರ್ ಬೇಕೇ ಬೇಕು. ಆದರೆ ಕಷ್ಟಪಟ್ಟು ಗಳಿಸಿದ ಒಂದಿಂಚನ್ನು ಕಚ್ಚಿ ತಿನ್ನುವುದೂ ಅದೇ ಫಿಲ್ಟರ್. ಕೆಲವರು ಮೇಲೇರಿದ ಮೇಲೆ ಫಿಲ್ಟರನ್ನು ತಪ್ಪಿಸಿ ನೇರ ಗಾಳಿ ಬಿಡುವ ಬಾಗಿಲು ಇಡುತ್ತಾರೆ. 1960ರ ದಶಕದ ಕೆಲವು ಮೂನಿ ವಿಮಾನಗಳಿಗೆ ಈ ಸೌಲಭ್ಯ ಕಾರ್ಖಾನೆಯಿಂದಲೇ ಬರುತ್ತಿತ್ತು. ಇಳಿಯುವ ಮುನ್ನ ಬಾಗಿಲು ಮುಚ್ಚಲು ಮರೆತರೆ ಎಲ್ಲ ಧೂಳೂ ಎಂಜಿನ್ನಿಗೆ.

ನನಗೆ ಹಿಡಿಸುವುದು ಇನ್ನೊಂದು ದಾರಿ: ದೊಡ್ಡ ಫಿಲ್ಟರ್. ಅಗಲ ಹೆಚ್ಚಿದಷ್ಟೂ ಗಾಳಿ ಮೆಲ್ಲಗೆ ದಾಟುತ್ತದೆ, ನಷ್ಟ ಇಳಿಯುತ್ತದೆ. ಬಾಯಿಯ ಅಂಚು ದುಂಡಗಿರಬೇಕು. ಅಲ್ಲಿಂದ ಫಿಲ್ಟರಿನವರೆಗೆ ಕೊಳವೆ ನಿಧಾನವಾಗಿ ಹಿಗ್ಗಬೇಕು. ಹಿಗ್ಗುವ ಒಟ್ಟು ಕೋನ ಏಳು ಡಿಗ್ರಿಯ ಆಸುಪಾಸಿದ್ದರೆ ಚೆನ್ನ. ತೀರ ಹೆಚ್ಚಾದರೆ ಗಾಳಿ ಗೋಡೆ ಬಿಟ್ಟು ಸುಳಿಗಟ್ಟುತ್ತದೆ. ಎಂಜಿನ್ನನ್ನು ಮುಚ್ಚುವ ಹೊರಕವಚ ಕೌಲಿಂಗ್‌ನೊಳಗೆ ಅಷ್ಟು ಉದ್ದಕ್ಕೆ ಜಾಗವೆಲ್ಲಿ? ಇಲ್ಲೇ ಕಟ್ಟುವವರ ಕೈಚಳಕ. ಎಂಜಿನ್ ತನ್ನ ರಬ್ಬರ್ ಆಸರೆಗಳ ಮೇಲೆ ಅಲುಗಾಡುತ್ತಿರುತ್ತದೆ, ಕೌಲಿಂಗ್ ಅಲುಗದು. ಆ ಸಂದನ್ನು ಬಾಗುವ ರಬ್ಬರ್ ಪಟ್ಟಿಯಿಂದ ಮುಚ್ಚದಿದ್ದರೆ ಒತ್ತಡವೆಲ್ಲ ಸೋರಿಹೋಗುತ್ತದೆ.

ಆರಿಗಾನ್ ರಾಜ್ಯದ ವ್ಯಾನ್ಸ್ ಏರ್‌ಕ್ರಾಫ್ಟ್ ತನ್ನ ಆರ್‌ವಿ ವಿಮಾನದ ಕಿಟ್‌ಗಳಿಗೆ ಫಿಲ್ಟರ್ ಸಮೇತದ ಏರ್‌ಬಾಕ್ಸ್ ಕೊಡುತ್ತದೆ. ಅಷ್ಟಕ್ಕೆ ತೃಪ್ತರಾಗದವರು ಫೈಬರ್‌ಗ್ಲಾಸಿನಲ್ಲಿ ತಮ್ಮದೇ ಎರಕ ತೆಗೆಯುತ್ತಾರೆ. ಹವ್ಯಾಸಿಗಳು ಕಟ್ಟಿದ ‘ಪ್ರಾಯೋಗಿಕ’ ವಿಮಾನಗಳಿಗೆ ಅಮೆರಿಕದ ನಿಯಮ ಆ ಸ್ವಾತಂತ್ರ್ಯ ಕೊಟ್ಟಿದೆ. ಹಿಮ ಮೆತ್ತಿ ಫಿಲ್ಟರ್ ಕಟ್ಟಿಕೊಂಡರೆ ಕೌಲಿಂಗ್ ಒಳಗಿನ ಗಾಳಿ ಎಳೆದುಕೊಳ್ಳಲು ಬದಲಿ ಬಾಗಿಲೊಂದು ಇರಲೇಬೇಕು. ಫಿಲ್ಟರ್ ದಾಟಿದ ಜಾಗದಲ್ಲಿ ಸಡಿಲಗೊಳ್ಳಬಹುದಾದ ಒಂದು ರಿವೆಟ್ಟೂ ಇರಬಾರದು, ಕಳಚಿದರೆ ನೇರ ಎಂಜಿನ್ನಿಗೇ ಹೋಗುತ್ತದೆ.

ಪರೀಕ್ಷೆಗೆ ಪಾರದರ್ಶಕ ಕೊಳವೆಯಲ್ಲಿ ಬಣ್ಣದ ನೀರು ಸಾಕು. ಒಂದಿಂಚು ಪಾದರಸ 13.6 ಇಂಚು ನೀರಿಗೆ ಸಮ, ಹಾಗಾಗಿ ಸಣ್ಣ ಸೋರಿಕೆಯೂ ಕಣ್ಣಿಗೆ ಬೀಳುತ್ತದೆ. ಕೊನೆಗೆ 8,000 ಅಡಿಯಲ್ಲಿ ಥ್ರಾಟಲ್ ಪೂರ್ತಿ ತೆರೆದಾಗ ಎಂಜಿನ್ ಒಳಸೇರುವ ಗಾಳಿಯ ಒತ್ತಡ ತೋರಿಸುವ ಮ್ಯಾನಿಫೋಲ್ಡ್ ಗೇಜಿನ ಮುಳ್ಳು ಹೊರಗಿನ 22 ಇಂಚಿನ ಮೇಲೆ ನಿಂತರೆ, ಫಿಲ್ಟರ್, ಕೊಳವೆ, ಕಾರ್ಬ್ಯುರೇಟರ್ ಎಲ್ಲ ತಿಂದ ಮೇಲೂ ಒಂದಿಷ್ಟು ಮಿಕ್ಕಿದೆ ಎಂದು ಲೆಕ್ಕ.