ದೂರದ ಲೆಕ್ಕ, ಸಮಯದ ಲೆಕ್ಕ: ಹೊಸೂರು ಸೀಮೆಯ ವಿಮಾನಯಾನ

ಭೂಮಿಯು ಗೋಳಾಕಾರವಾಗಿರುವುದರಿಂದ ಅದರ ಮೇಲಿನ ಎರಡು ಊರುಗಳನ್ನು ಕೂಡಿಸುವ ಅತಿ ಹತ್ತಿರದ ದಾರಿಯು ಬಾಗಿದ ರೇಖೆಯಾಗಿರುತ್ತದೆ. ಭೂಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ವೃತ್ತದ ಭಾಗವಾದ ಈ ರೇಖೆಯ ಉದ್ದವನ್ನು ಮಹಾವೃತ್ತ ದೂರ ಎನ್ನುತ್ತಾರೆ. ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಚೆನ್ನೈ ನಿಲ್ದಾಣಕ್ಕೆ ಈ ದೂರ ಸುಮಾರು 270 ಕಿ.ಮೀ. ಆಗಿದ್ದರೆ, ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿಗಳನ್ನು ಹಾದು ಚೆನ್ನೈ ಸೇರುವ ಹೆದ್ದಾರಿಯ ಉದ್ದ ಸುಮಾರು 350 ಕಿ.ಮೀ.

ಪೂರ್ಣ ವೇಗದಲ್ಲಿ ಗಂಟೆಗೆ 800 ಕಿ.ಮೀ. ಕ್ರಮಿಸುವ ಜೆಟ್ ವಿಮಾನಕ್ಕೆ 270 ಕಿ.ಮೀ. ಎಂದರೆ ಇಪ್ಪತ್ತೇ ನಿಮಿಷದ ಹಾದಿಯಾದರೂ, ವೇಳಾಪಟ್ಟಿಯಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ನಮೂದಾಗಿರುತ್ತದೆ. ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ನಿಲ್ಲುವ ತನಕದ ಅವಧಿಯೇ ವೇಳಾಪಟ್ಟಿಯ ಲೆಕ್ಕ. ರನ್‌ವೇಯವರೆಗಿನ ಓಟ, ಸರದಿಯ ಕಾಯುವಿಕೆ, ಮೇಲೇರುವಾಗಿನ ಮತ್ತು ಇಳಿಯುವಾಗಿನ ಕಡಿಮೆ ವೇಗ ಎಲ್ಲವೂ ಅದರಲ್ಲಿ ಸೇರಿರುತ್ತವೆ. ದಾರಿ ಎಷ್ಟೇ ಚಿಕ್ಕದಾದರೂ ಈ ಖರ್ಚು ತಪ್ಪದು.

ಹೊಸೂರಿನ ಪ್ರಯಾಣಿಕರಿಗೆ ಇದರ ಜೊತೆಗೆ ನೆಲದ ಮೇಲಿನ ಸಮಯವೂ ಕೂಡುತ್ತದೆ. ನೇರ ಅಳತೆಯಲ್ಲಿ ಐವತ್ತು ಕಿ.ಮೀ.ಗಿಂತ ತುಸು ಹೆಚ್ಚು ದೂರವಿರುವ ದೇವನಹಳ್ಳಿಯನ್ನು ಮುಟ್ಟಲು ಅತ್ತಿಬೆಲೆ ದಾಟಿ, ಬೆಂಗಳೂರಿನ ದಟ್ಟಣೆಯನ್ನು ಹಾದು ಸುಮಾರು ಎಪ್ಪತ್ತೈದು ಕಿ.ಮೀ. ಸಾಗಬೇಕು. ಚೆನ್ನೈ ಪೂರ್ವಕ್ಕಿದ್ದರೂ ಮೊದಲು ಉತ್ತರಕ್ಕೆ ಹೋಗಿ, ತಪಾಸಣೆಗೆಂದು ಮುಂಚಿತವಾಗಿ ಕಾದು, ಇಳಿದ ಮೇಲೆ ಮತ್ತೆ ನಗರದೊಳಕ್ಕೆ ಪಯಣಿಸುವಷ್ಟರಲ್ಲಿ ವಿಮಾನದ ಲಾಭವೆಲ್ಲ ಕರಗುತ್ತದೆ. ಕೃಷ್ಣಗಿರಿಯವರಿಗಂತೂ ಹೆದ್ದಾರಿಯ ಬಸ್ಸೇ ಬೇಗ ತಲುಪಿಸುತ್ತದೆ. ದೆಹಲಿಯ ಮಾತು ಬೇರೆ: ಸುಮಾರು 1,700 ಕಿ.ಮೀ. ವಾಯುದೂರವನ್ನು ವಿಮಾನ ಮೂರು ಗಂಟೆಯೊಳಗೆ ಮುಗಿಸುವುದರಿಂದ ನೆಲದ ಮೇಲೆ ಕಳೆದ ಹೊತ್ತು ಅಷ್ಟಾಗಿ ಭಾರವೆನಿಸುವುದಿಲ್ಲ.

2008ರ ಮೇ ತಿಂಗಳಲ್ಲಿ ದೇವನಹಳ್ಳಿ ನಿಲ್ದಾಣ ಆರಂಭವಾದಾಗ, ಹೊಸೂರಿಗೆ ಹೆಚ್ಚು ಸಮೀಪವಿದ್ದ ಎಚ್‌ಎಎಲ್ ನಿಲ್ದಾಣದಿಂದ ನಿಯಮಿತ ಪ್ರಯಾಣಿಕ ವಿಮಾನಗಳ ಸಂಚಾರ ನಿಂತಿತು. ಹೊಸೂರಿನ ಬಳಿಯ ಬೆಳಗೊಂಡಪಳ್ಳಿಯಲ್ಲಿ ಖಾಸಗಿ ರನ್‌ವೇ ಇದ್ದರೂ, ದೇವನಹಳ್ಳಿ ನಿಲ್ದಾಣದ ರಿಯಾಯಿತಿ ಒಪ್ಪಂದವು, ಎಂದರೆ ನಿರ್ವಾಹಕ ಕಂಪನಿಗೂ ಕೇಂದ್ರ ಸರ್ಕಾರಕ್ಕೂ ಆದ ಕರಾರು, ಮೈಸೂರು ಮತ್ತು ಹಾಸನಗಳನ್ನು ಬಿಟ್ಟು 150 ಕಿ.ಮೀ. ವಾಯುದೂರದೊಳಗೆ ಬೇರೆ ನಿಲ್ದಾಣಕ್ಕೆ ಇಪ್ಪತ್ತೈದು ವರ್ಷಗಳ ಕಾಲ ಅವಕಾಶ ಕೊಡುವುದಿಲ್ಲ. ಆ ಅವಧಿ 2033ಕ್ಕೆ ಮುಗಿಯುತ್ತದೆ. 2024ರ ಜೂನ್‌ನಲ್ಲಿ ತಮಿಳುನಾಡು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಅವರು ಹೊಸೂರಿನಲ್ಲಿ 2,000 ಎಕರೆಯ, ವರ್ಷಕ್ಕೆ ಮೂರು ಕೋಟಿ ಪ್ರಯಾಣಿಕರನ್ನು ನಿಭಾಯಿಸಬಲ್ಲ ಅಂತರರಾಷ್ಟ್ರೀಯ ನಿಲ್ದಾಣವನ್ನು ವಿಧಾನಸಭೆಯಲ್ಲಿ ಘೋಷಿಸಿದರು.

ಅಂಥ ನಿಲ್ದಾಣ ಬಂದರೂ ವಿಮಾನದ ವೇಗ ಹೆಚ್ಚುವುದಿಲ್ಲ, ಮಹಾವೃತ್ತ ದೂರ ಕುಗ್ಗುವುದಿಲ್ಲ. ಉಳಿಯುವುದು ನೆಲದ ಮೇಲಿನ ಹೊತ್ತು ಮಾತ್ರ. ಆದುದರಿಂದ ಅದರ ಯಶಸ್ಸನ್ನು ರನ್‌ವೇಯ ಉದ್ದದಿಂದಲ್ಲ, ತಳಿ, ಡೆಂಕಣಿಕೋಟೆ, ಕೃಷ್ಣಗಿರಿಗಳ ಮನೆಬಾಗಿಲಿನಿಂದ ವಿಮಾನದ ಬಾಗಿಲಿಗೆ ಬೇಕಾಗುವ ಸಮಯದಿಂದಲೇ ಅಳೆಯಬೇಕು. ಆ ಸಮಯವನ್ನು ನಿರ್ಧರಿಸುವ ರಸ್ತೆ ಮತ್ತು ಬಸ್ಸುಗಳ ಯೋಜನೆ ನಿಲ್ದಾಣದ ಯೋಜನೆಯ ಜೊತೆಯಲ್ಲೇ ಸಿದ್ಧವಾಗಬೇಕು.